ಹೆಸರು ಬರೆಯದ ಕ್ಯಾಸೆಟ್ಟು

ಸಂಗೀತದ ವಿಷಯ ಬರೆಯಲು ನನಗೆ ಅಧಿಕಾರವಿಲ್ಲ. ಹಾಡಲು ಬಾರದು, ನುಡಿಸಲು ಬಾರದು. ಕಛೇರಿಯಲ್ಲಿ ತಾಳ ಹಾಕಹೊರಟರೆ ಪಕ್ಕದಲ್ಲಿ ಕುಳಿತ ರಸಿಕರು ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತಾರೆ. ನಾನು ಕನ್ನಡ ಪಾಠ ಹೇಳುವ ಮೇಷ್ಟರು. ಷಟ್ಪದಿಯ ಮಾತ್ರೆಗಳನ್ನು ಹುಡುಗರಿಗೆ ಬೆರಳೆಣಿಸಿ ತೋರಿಸುವುದಷ್ಟೇ ನನ್ನ ಲಯಜ್ಞಾನ. ಆದರೆ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲವಷ್ಟೆ. ದೇವರು ಕಿವಿ ಕೊಟ್ಟಿದ್ದಾನೆ. ಅದಕ್ಕೆ ರೆಪ್ಪೆ ಕೊಟ್ಟಿಲ್ಲ.

ಕಾಲೇಜಿಗೆ ರಜ ಬಂದೊಡನೆ ನಾನು ತಿಪಟೂರಿನ ಬಾಡಿಗೆ ಮನೆಗೆ ಬೀಗ ಹಾಕಿ ದಬ್ಬೇಘಟ್ಟಕ್ಕೆ ಹೊರಟುಬಿಡುತ್ತೇನೆ. ಅಲ್ಲಿ ನಮ್ಮ ಹಳೆಯ ಮನೆಯೂ ಒಂದಿಷ್ಟು ತೆಂಗಿನ ತೋಟವೂ ಇವೆ. ಸಂಜೆ ಬಿಸಿಲು ತೋಟದ ಹಿಂದಕ್ಕೆ ಸರಿದ ಮೇಲೆ ಜಗಲಿಯ ಮೇಲೆ ಕುಳಿತು ನನಗೆ ಬೇಕಾದ ಸಂಗೀತವನ್ನು ಸ್ವಲ್ಪ ಗಟ್ಟಿಯಾಗಿಯೇ ಹಾಕಿಕೊಳ್ಳುತ್ತೇನೆ. ಈ ಸಂಗೀತ ನಮ್ಮ ಊರವರಿಗೆ ಒಂದು ಒಗಟು. ಮೃದಂಗ ಕೇಳಿಸುತ್ತದೆ, ಆದರೆ ಕಛೇರಿಯಲ್ಲ. ಊದುವ ವಾದ್ಯ ಕೇಳಿಸುತ್ತದೆ, ಆದರೆ ಮದುವೆಯಲ್ಲ. ನಡುವೆ ಎಲ್ಲಿಂದಲೋ ಗಿಟಾರು ನುಗ್ಗುತ್ತದೆ. ಹೋದ ಬೇಸಗೆಯಲ್ಲಿ ಕಾಯಿ ಕೆಡವಲು ಬಂದಿದ್ದಾತ ಮರದಿಂದ ಇಳಿದು, ಬೆವರೊರಸಿಕೊಂಡು, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ:

“ಏನ್ ಮೇಷ್ಟ್ರೇ, ಇದು ವಾಲಗವೋ, ಬ್ಯಾಂಡ್ ಸೆಟ್ಟೋ?”

“ಎರಡೂ ಕಣಪ್ಪ.”

“ಹಂಗಾದ್ರೆ ಯಾವ್ದೂ ಅಲ್ಲ ಬಿಡಿ” ಎಂದು ತಲೆಯಾಡಿಸಿ ಮುಂದಿನ ಮರಕ್ಕೆ ಹೋದ.

ಈ ಮಾತನ್ನೇ ಸಂಗೀತ ಬಲ್ಲ ನನ್ನ ಸಹೋದ್ಯೋಗಿಯೊಬ್ಬರು ಇನ್ನೂ ಘನವಾಗಿ ಹೇಳುತ್ತಾರೆ. ಅವರ ಪ್ರಕಾರ ಶಾಸ್ತ್ರೀಯ ಸಂಗೀತಕ್ಕೆ ಜಾಝ್ ಬೆರೆಸುವುದು, ಜಾನಪದ ಬೆರೆಸುವುದು, ಎಲ್ಲವೂ ಕಲಬೆರಕೆ. ಹಾಲಿಗೆ ನೀರು ಬೆರೆಸಿದವನಿಗೆ ಆಗುವ ಶಿಕ್ಷೆ ಇಂಥವರಿಗೂ ಆಗತಕ್ಕದ್ದು. ನಾನು ಅವರೊಡನೆ ವಾದಿಸುವುದಿಲ್ಲ. ಒಂದು ಕಾಲಕ್ಕೆ ನಾನೂ ಅವರಿಗಿಂತ ಕಟ್ಟಾ ಶುದ್ಧವಾದಿಯಾಗಿದ್ದೆ. ಆ ಶುದ್ಧಿಯ ಭರದಲ್ಲಿ ಒಂದು ತಪ್ಪನ್ನೂ ಮಾಡಿದೆ. ಇವೊತ್ತು ನಾನು ಆಸೆಯಿಂದ ಕೇಳುವ ಈ ‘ಕಲಬೆರಕೆ’ ಸಂಗೀತಕ್ಕೂ ಆ ತಪ್ಪಿಗೂ ಸಂಬಂಧವಿದೆ.

ನಮ್ಮ ದೊಡ್ಡಪ್ಪ ಮುಖವೀಣೆ ಊದುತ್ತಿದ್ದರು. ನಮ್ಮ ಸೀಮೆಯ ಆಟ ಮೂಡಲಪಾಯ. ಕರಾವಳಿಯ ಯಕ್ಷಗಾನವನ್ನು ಬಲ್ಲ ನಗರದ ಓದುಗರಿಗೆ ಇದು ಅಷ್ಟಾಗಿ ಪರಿಚಯವಿರಲಾರದು. ಇಲ್ಲಿ ಚೆಂಡೆಯ ಅಬ್ಬರವಿಲ್ಲ. ಭಾಗವತರ ತಾಳ, ಮದ್ದಳೆ, ಇವುಗಳ ಜೊತೆಗೆ ಗೇಣಿಗಿಂತ ತುಸು ಉದ್ದನೆಯ ಒಂದು ಮರದ ಕೊಳವಿ. ಅದೇ ಮುಖವೀಣೆ. ಹೆಸರಿನಲ್ಲಿ ವೀಣೆಯಿದ್ದರೂ ತಂತಿಯಿಲ್ಲ. ನಾಗಸ್ವರದ ಪುಟ್ಟ ತಮ್ಮ ಎನ್ನಬಹುದು. ತುದಿಯಲ್ಲಿ ಸಿಕ್ಕಿಸಿದ ಪೀಪಿಯನ್ನು ತುಟಿಯ ನಡುವೆ ಹಿಡಿದು, ಕೆನ್ನೆ ಉಬ್ಬಿಸಿ, ಉಸಿರು ಕಡಿಯದಂತೆ ಊದಬೇಕು. ಭಾಗವತರು ಪದ ಎತ್ತಿದರೆ ಮುಖವೀಣೆ ಅವರ ಬೆನ್ನು ಹತ್ತಿ ಹೋಗುತ್ತದೆ. ಅವರು ನಿಲ್ಲಿಸಿದಲ್ಲಿಂದ ತಾನು ಎತ್ತಿಕೊಂಡು, ಕುಣಿಯುವವನ ಕಾಲಿಗೆ ಇಷ್ಟು ಹುರುಪು ತುಂಬಿ, ಪದವನ್ನು ಮತ್ತೆ ಅವರ ಬಾಯಿಗೆ ಒಪ್ಪಿಸುತ್ತದೆ. ‘ಕರಿಭಂಟನ ಕಾಳಗ’ ಆಡಿದ ರಾತ್ರಿ ದೊಡ್ಡಪ್ಪ ಹೊತ್ತು ಹುಟ್ಟುವವರೆಗೆ ಹೀಗೆ ಊದಿ, ಮನೆಗೆ ಬಂದು, ಮುಖ ತೊಳೆದು, ತೋಟಕ್ಕೆ ನೀರು ಕಟ್ಟಲು ಹೋಗುತ್ತಿದ್ದರು.

ಚಿಕ್ಕಂದಿನಲ್ಲಿ ನನಗೆ ಅದು ಲೋಕದ ಅತಿ ದೊಡ್ಡ ವಿದ್ಯೆಯೆಂದು ತೋರುತ್ತಿತ್ತು. ಹೈಸ್ಕೂಲು ದಾಟುವ ಹೊತ್ತಿಗೆ ಬುದ್ಧಿ ಬಂದಿತು; ಎಂದರೆ ನಾಚಿಕೆ ಬಂದಿತು. ತಿಪಟೂರಿನಲ್ಲಿ ಓದುತ್ತಿದ್ದಾಗ ಆಕಾಶವಾಣಿಯ ಸಂಗೀತ ಸಭೆಗಳನ್ನು ಕೇಳಿ ರಾಗಗಳ ಹೆಸರು ಉರುಹೊಡೆದೆ. ಗೆಳೆಯರ ಮುಂದೆ ಚೌಡಯ್ಯನವರ ಏಳು ತಂತಿಯ ಪಿಟೀಲಿನ ಮಾತಾಡುತ್ತಿದ್ದೆ. ಮುಖವೀಣೆ ಎಂದರೆ ಕಿವಿಗೆ ದಬ್ಬಳ ಚುಚ್ಚಿದಂತೆ ಎನ್ನುತ್ತಿದ್ದೆ. ದೊಡ್ಡಪ್ಪನ ಎದುರಿಗೆ ಹೇಳಲಿಲ್ಲ. ಆದರೆ ಆಟಕ್ಕೆ ಹೋಗುವುದನ್ನು ಬಿಟ್ಟೆ. ಅವರಿಗೆ ಅರ್ಥವಾಗಿರಬೇಕು.

1989ರ ಬೇಸಗೆಯಲ್ಲಿ ಬೆಂಗಳೂರಿನ ನೆಂಟರೊಬ್ಬರು ಒಂದು ಟೇಪ್‌ರೆಕಾರ್ಡರು ತಂದಿದ್ದರು. ಆಟದ ರಾತ್ರಿ ಭಾಗವತರ ಪಕ್ಕದಲ್ಲೇ ಅದನ್ನಿಟ್ಟು ದೊಡ್ಡಪ್ಪನ ಮುಖವೀಣೆಯನ್ನು ಒಂದು ಕ್ಯಾಸೆಟ್ಟಿಗೆ ತುಂಬಿಕೊಂಡರು. ಮಾರನೆಯ ದಿನ ಹಾಕಿ ಕೇಳಿಸಿದಾಗ ಮನೆಯವರೆಲ್ಲ ನಕ್ಕರು, ಅತ್ತರು. ದೊಡ್ಡಪ್ಪ ಮಾತ್ರ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿ, “ನಡುವೆ ಎಲ್ಡು ಕಡೆ ಉಸ್ರು ಕಡ್ದೈತೆ” ಎಂದರು. ಕ್ಯಾಸೆಟ್ಟನ್ನು ಗೋಡೆಯ ಗೂಡಿನಲ್ಲಿ ಇಟ್ಟರು. ಅದರ ಮೇಲೆ ಯಾರೂ ಹೆಸರು ಬರೆಯಲಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಚಕ್ಕೆಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೊಂದನ್ನು ತುಂಬಲಾಗದು ಎಂಬುದೂ ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

1998ರಲ್ಲಿ ನಾನು ಬಿ.ಎ. ವಿದ್ಯಾರ್ಥಿ. ರಜಕ್ಕೆ ಊರಿಗೆ ಬಂದಿದ್ದೆ. ಆ ರಾತ್ರಿ ರೇಡಿಯೋದಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾದನವಿತ್ತು. ಅದನ್ನು ಹಿಡಿದಿಟ್ಟುಕೊಳ್ಳಬೇಕೆಂಬ ಆತುರ. ಅಷ್ಟು ಹೊತ್ತಿನಲ್ಲಿ ಹೊಸ ಕ್ಯಾಸೆಟ್ಟು ಎಲ್ಲಿ ಸಿಕ್ಕೀತು? ಗೂಡಿಗೆ ಕೈಹಾಕಿದೆ, ಹೆಸರಿಲ್ಲದ ಒಂದು ಕ್ಯಾಸೆಟ್ಟು ಸಿಕ್ಕಿತು. ಹಾಕಿ ಗುಂಡಿ ಒತ್ತಿದೆ.

ಆ ಹೊತ್ತಿಗೆ ದೊಡ್ಡಪ್ಪನ ಹಲ್ಲುಗಳೆಲ್ಲ ಬಿದ್ದಿದ್ದವು. ಹಲ್ಲು ಹೋದ ಮೇಲೆ ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲವೆಂದು ಊದುವುದನ್ನು ನಿಲ್ಲಿಸಿ ಮೂರು ನಾಲ್ಕು ವರ್ಷಗಳಾಗಿದ್ದವು. ಮಾರನೆಯ ಬೆಳಿಗ್ಗೆ ತೋಟದಿಂದ ಬಂದವರು ಕಂಬಕ್ಕೆ ಒರಗಿ ಕುಳಿತು, “ಗೂಡ್ನಾಗೆ ನನ್ ಕ್ಯಾಸೆಟ್ಟೈತೆ, ಹಾಕ್ಲಾ ಮಗ, ಒಸಿ ಕೇಳಾನ” ಎಂದರು. ಗೂಡು ಬರಿದಾಗಿತ್ತು. ನನ್ನ ಎದೆ ಧಸಕ್ಕೆಂದಿತು. ಹೇಳುವುದಕ್ಕೆ ನಾಲಿಗೆ ಬಾರದೆ, ಯಂತ್ರದಲ್ಲಿದ್ದ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಸುಮ್ಮನೆ ಹಾಕಿದೆ. ಸ್ಯಾಕ್ಸೋಫೋನ್ ಕೇಳಿಸಿತು.

ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ಯಂತ್ರದ ಕಡೆ ನೋಡಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ.

“ಯಾರ್ಲಾ ಇವ್ನು?”

“ಕದ್ರಿ ಗೋಪಾಲನಾಥ್ ಅಂತ, ದೊಡ್ಡಪ್ಪ. ಮಂಗಳೂರು ಕಡೆಯೋರು. ಇದು ಸ್ಯಾಕ್ಸೋಫೋನು, ವಿಲಾಯ್ತಿ ವಾದ್ಯ.”

“ವಾದ್ಯ ವಿಲಾಯ್ತಿದಾಗ್ಲಿ, ಉಸ್ರು ನಮ್ ಕಡೇದು ಕಣ್ಲಾ. ಊದೋರ ಮನೆ ಮಗ ಇರ್ಬೇಕು.”

ಅಷ್ಟು ಹೇಳಿ ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ನಾನು ಯಂತ್ರವನ್ನು ಆರಿಸಿದೆ. ತಮ್ಮ ಕ್ಯಾಸೆಟ್ಟಿನ ವಿಷಯವನ್ನು ಅವರು ಆವೊತ್ತೂ ಎತ್ತಲಿಲ್ಲ, 2003ರಲ್ಲಿ ತೀರಿಕೊಳ್ಳುವವರೆಗೂ ಎತ್ತಲಿಲ್ಲ. ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆನೇನೋ.

ಅವರ ಊಹೆ ನಿಜವೆಂದು ತಿಳಿದದ್ದು ಎಷ್ಟೋ ದಿನಗಳ ಮೇಲೆ, ಪತ್ರಿಕೆಯಲ್ಲಿ ಒಂದು ಲೇಖನ ಓದಿದಾಗ. ಗೋಪಾಲನಾಥರು ಬಂಟ್ವಾಳ ತಾಲ್ಲೂಕಿನ ಸಜೀಪಮೂಡದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ ಅದು. ಕೀಲಿಗಳ ವಾದ್ಯ; ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ಹೋಗುವುದು ಅದರ ಸ್ವಭಾವ. ನಮ್ಮ ಗಮಕಕ್ಕೋ ಮೆಟ್ಟಿಲು ಆಗದು, ಜಾರುವ ದಾರಿ ಬೇಕು. ಆ ದಾರಿಯನ್ನು ತುಟಿಯಿಂದಲೂ ಉಸಿರಿನಿಂದಲೂ ಮಾಡಿಕೊಳ್ಳಲು ಅವರು ವರ್ಷಗಟ್ಟಲೆ ದುಡಿದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠವಾಯಿತು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ ಬೆರಗಾಗಿ, ಜೊತೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮ್ಸ್ ಸಂಗೀತೋತ್ಸವದಲ್ಲಿ ಇವರ ಕಛೇರಿಯಾಯಿತು. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರ ಬಗ್ಗೆ ಏನು ಓದಿದರೂ ನನಗೆ ಕಂಬಕ್ಕೊರಗಿ ಕುಳಿತ ದೊಡ್ಡಪ್ಪನ ಮಾತೇ ನೆನಪಾಗುತ್ತದೆ. ಪತ್ರಿಕೆ ಓದದ ಮನುಷ್ಯ ಬರಿಯ ಉಸಿರಿನಿಂದ ಮನೆತನವನ್ನು ಗುರುತಿಸಿದ್ದರು.

ಆ ತರುವಾಯ ನಾನು ಈ ಬಗೆಯ ಧ್ವನಿಮುದ್ರಣಗಳನ್ನು ಹುಡುಕಹತ್ತಿದೆ. 2008ರಲ್ಲಿ ‘ಕಿನ್ಸ್‌ಮೆನ್’ ಎಂಬುದು ಬಂದಿತು. ಹೆಸರಿನ ಅರ್ಥ ಬಂಧುಗಳು ಎಂದು. ಇದರಲ್ಲಿ ಇಬ್ಬರು ಸ್ಯಾಕ್ಸೋಫೋನ್ ವಾದಕರು: ಒಬ್ಬರು ಗೋಪಾಲನಾಥರು, ಇನ್ನೊಬ್ಬರು ಅಮೆರಿಕದ ರುದ್ರೇಶ ಮಹಾಂತಪ್ಪ. ಹೆಸರು ಕೇಳಿದರೇ ನಮ್ಮವರೆಂದು ತಿಳಿಯುತ್ತದೆ. ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿ ಬೆಳೆದು, ಜಾಝ್ ಕಲಿತವರು. ವಿದ್ಯಾರ್ಥಿಯಾಗಿದ್ದಾಗ ಅವರ ಸೋದರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಗೋಪಾಲನಾಥರ ಮುದ್ರಣವೊಂದನ್ನು ತಮಾಷೆಗೆಂದು ತಂದುಕೊಟ್ಟರಂತೆ. ತಮಾಷೆ ಗುರುದರ್ಶನವಾಯಿತು. ‘ಕಿನ್ಸ್‌ಮೆನ್’ನಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲಿದೆ, ಪೂವಲೂರು ಶ್ರೀಜಿಯವರ ಮೃದಂಗವಿದೆ, ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿಯವರ ಗಿಟಾರಿದೆ. ಮೊದಲ ಸಲ ಕೇಳಿದಾಗ ಸಂತೆಯಲ್ಲಿ ಕೈಬಿಟ್ಟ ಮಗುವಿನಂತಾದೆ. ನಾಲ್ಕನೆಯ ಸಲಕ್ಕೆ ದಾರಿ ತಿಳಿಯಿತು. ಗೋಪಾಲನಾಥರು ರಾಗದ ಒಳಗೇ ಇದ್ದು ಅದನ್ನು ಹಿಗ್ಗಿಸುತ್ತಾರೆ. ಮಹಾಂತಪ್ಪನವರು ಅದರ ಅಂಚನ್ನು ತುಳಿಯುತ್ತ, ಆಚೆಗೊಂದು ಹೆಜ್ಜೆಯಿಟ್ಟು, ಮತ್ತೆ ಒಳಗೆ ಬರುತ್ತಾರೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ನಮ್ಮ ಭಾಗವತರೂ ದೊಡ್ಡಪ್ಪನೂ ಹೀಗೆಯೇ ಅಲ್ಲವೆ ರಾತ್ರಿಯೆಲ್ಲ ಆಡುತ್ತಿದ್ದುದು?

ಇದೇ ಮಹಾಂತಪ್ಪನವರ ಇನ್ನೊಂದು ಮುದ್ರಣ 2004ರ ‘ಮದರ್ ಟಂಗ್’. ಇದನ್ನು ನನಗೆ ಹೇಳಿದವನು ನನ್ನ ವಿದ್ಯಾರ್ಥಿ: “ಸಾರ್, ಜಾಝ್‌ನಲ್ಲಿ ‘ಕನ್ನಡ’ ಅಂತಾನೇ ಒಂದು ಟ್ರ್ಯಾಕ್ ಇದೆ ಸಾರ್.” ನಾನು ನಂಬಲಿಲ್ಲ. ನಿಜವೇ ಆಗಿತ್ತು. ‘ನೀವು ಇಂಡಿಯನ್ ಮಾತಾಡುತ್ತೀರಾ?’ ಎಂಬ ಪ್ರಶ್ನೆಯನ್ನು ಅಲ್ಲಿ ನೆಲೆಸಿದ ನಮ್ಮವರು ಮೇಲಿಂದ ಮೇಲೆ ಕೇಳಬೇಕಾಗುತ್ತದೆ. ಇಂಡಿಯನ್ ಎಂಬ ಭಾಷೆಯುಂಟೆ? ಈ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರು ತಮ್ಮ ತಮ್ಮ ಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನು ಸ್ವರಗಳಾಗಿ ಬರೆದು, ಅದರ ಮೇಲೆ ಸಂಗೀತ ಕಟ್ಟಿದ್ದಾರೆ. ತೆಲುಗು, ತಮಿಳು, ಮಲಯಾಳ, ಕೊಂಕಣಿ, ಗುಜರಾತಿ, ಜೊತೆಗೆ ಕನ್ನಡ. ಮಾತಿಲ್ಲ, ಮಾತಿನ ನಡಿಗೆ ಮಾತ್ರ ಇದೆ. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಕನ್ನಡದ ವ್ಯಾಕರಣ ಕೇಳಿದ್ದೆ, ಛಂದಸ್ಸು ಕೇಳಿದ್ದೆ. ಕನ್ನಡದ ದನಿಯೊಂದನ್ನೇ ಬಿಡಿಸಿ ಕೇಳಿದ್ದು ಇದೇ ಮೊದಲು. “ಮಾತ್ನ ಊದ್ಬೇಕು ಕಣ್ಲಾ, ಬರೀ ರಾಗ ಊದಿದ್ರೆ ಕುಣಿಯೋನ್ಗೆ ತಿಳಿಯಾಕಿಲ್ಲ” ಎಂದು ದೊಡ್ಡಪ್ಪ ಹೇಳುತ್ತಿದ್ದುದರ ಅರ್ಥ ಆವೊತ್ತು ಹೊಳೆಯಿತು.

ಮೂರನೆಯದು ಇನ್ನೂ ಹಳೆಯದು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಾಳವಾದ್ಯಗಳ ಶಾಲೆ. ಈ ಶಾಲೆಯವರೂ ಗಾಯಕಿ ಆರ್.ಎ. ರಮಾಮಣಿಯವರೂ ಅಮೆರಿಕದ ಚಾರ್ಲಿ ಮರಿಯಾನೊ ಎಂಬ ಸ್ಯಾಕ್ಸೋಫೋನ್ ವಾದಕರೊಡನೆ ಕೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣ ಹೊರತಂದರು. ಜರ್ಮನಿಯ ಇ.ಸಿ.ಎಂ. ಸಂಸ್ಥೆ ಅದನ್ನು ಪ್ರಕಟಿಸಿತು. ರಮಾಮಣಿಯವರ ಕಂಠ ತಿಳಿನೀರಿನಂತೆ ಹರಿಯುತ್ತದೆ. ಮರಿಯಾನೊ ಅದನ್ನು ಕಲಕುವುದಿಲ್ಲ, ದಡದಲ್ಲಿ ಕುಳಿತು ಕಾಲು ಇಳಿಬಿಟ್ಟವರಂತೆ ನುಡಿಸುತ್ತಾರೆ. ಈ ಮರಿಯಾನೊ ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು. ನಡುವೆ ಪೂರ್ವದೇಶಗಳಿಗೆ ಬಂದು ನಾಗಸ್ವರಕ್ಕೆ ಮನಸೋತು ಅದನ್ನು ಕಲಿತರು. ವಿಚಿತ್ರ ನೋಡಿ: ನಾಗಸ್ವರದವರ ಮಗ ಸ್ಯಾಕ್ಸೋಫೋನ್ ಹುಡುಕಿಕೊಂಡು ಹೋದರು, ಸ್ಯಾಕ್ಸೋಫೋನಿನವರು ನಾಗಸ್ವರ ಹುಡುಕಿಕೊಂಡು ಬಂದರು.

ಇಷ್ಟಾದರೂ ನನ್ನ ಸಹೋದ್ಯೋಗಿಗಳ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಬೆರಕೆಯ ಹೆಸರಿನಲ್ಲಿ ಬರುವುದರಲ್ಲಿ ಬಹುಪಾಲು ಕೇಳಲಾಗದ್ದು. ನಾಲ್ಕು ದಿನದ ಪರಿಚಯದಲ್ಲಿ ಒಂದು ತಬಲವನ್ನೂ ಒಂದು ಡ್ರಮ್ಮನ್ನೂ ಅಕ್ಕಪಕ್ಕ ಕೂರಿಸಿ ಹೊಡೆಸಿದರೆ ಸಂಗೀತವಾಗುವುದಿಲ್ಲ. ತೆಂಗಿನ ಸೀಮೆಯವನಾದ ನನಗೆ ಇದು ಕೊಬ್ಬರಿಯ ಲೆಕ್ಕದಲ್ಲಿ ಅರ್ಥವಾಗುತ್ತದೆ. ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ತಾನಾಗಿ ಬಿಡುತ್ತದೆ. ಅಲುಗಿಸಿದರೆ ಒಳಗೆ ಗಿಟುಕು ಲೊಟಲೊಟ ಎನ್ನುತ್ತದೆ. ಆಗ ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತದೆ. ಆತುರಪಟ್ಟು ನಾಲ್ಕು ತಿಂಗಳಿಗೇ ಇಳಿಸಿದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಗೋಪಾಲನಾಥರದೂ ಮರಿಯಾನೊ ಅವರದೂ ಅಟ್ಟದ ಮೇಲೆ ಮಾಗಿದ ವಿದ್ಯೆ. ಇನ್ನೊಬ್ಬರ ಮನೆಗೆ ಹೋಗಿ, ಅಲ್ಲಿ ವರ್ಷಗಟ್ಟಲೆ ಇದ್ದು, ಅವರ ಊಟ ಉಂಡು ಬಂದವರ ಬೆರಕೆ ಬೇರೆ. ಬಾಗಿಲಲ್ಲಿ ಇಣುಕಿ ಬಂದವರದು ಬೇರೆ.

ಹಾಗೆ ನೋಡಿದರೆ ಬೆರಕೆಯಿಲ್ಲದ ಸಂಗೀತ ಯಾವುದು? ಪಿಟೀಲು ಯುರೋಪಿನಿಂದ ಬಂದ ಅತಿಥಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಒಳಗೆ ಕರೆದರು. ಇವೊತ್ತು ಅದಿಲ್ಲದೆ ಕಛೇರಿಯೇ ಇಲ್ಲ. ಪುನ್ನಾಗವರಾಳಿ, ನಾದನಾಮಕ್ರಿಯೆಗಳಂಥ ರಾಗಗಳು ಹಳ್ಳಿಯ ಧಾಟಿಗಳಿಂದ ಬಂದವೆಂದು ಬಲ್ಲವರೇ ಹೇಳುತ್ತಾರೆ. ಜಾಝ್ ಕೂಡ ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ದುಡಿಮೆಯ ಹಾಡು, ಪ್ರಾರ್ಥನೆಯ ಹಾಡು, ಬ್ಯಾಂಡಿನ ತುತ್ತೂರಿ ಎಲ್ಲವನ್ನೂ ಕೂಡಿಸಿ ಕಟ್ಟಿಕೊಂಡದ್ದು. ಎಲ್ಲ ಮನೆಗಳ ಹಿತ್ತಲ ಬಾಗಿಲೂ ಒಂದೇ ತೋಟಕ್ಕೆ ತೆರೆಯುತ್ತದೆ. ನಾನು ಮುಂಬಾಗಿಲನ್ನು ಮಾತ್ರ ನೋಡಿಕೊಂಡಿದ್ದೆ.

ಈಗ ಕ್ಯಾಸೆಟ್ಟಿನ ಮಾತು. ಎರಡು ವರ್ಷದ ಹಿಂದೆ ಕೊಬ್ಬರಿ ಇಳಿಸುವಾಗ ಅಟ್ಟದ ಮೂಲೆಯ ಟ್ರಂಕಿನಲ್ಲಿ ಅದು ಸಿಕ್ಕಿತು. ಟೇಪ್‌ರೆಕಾರ್ಡರಿನ ಬೆಲ್ಟು ಕರಗಿಹೋಗಿತ್ತು. ತುರುವೇಕೆರೆಯಲ್ಲಿ ಒಬ್ಬರು ಹಳೆಯ ರಿಪೇರಿಯವರು ಬೆಲ್ಟು ಹಾಕಿಕೊಟ್ಟರು. ಮನೆಗೆ ತಂದು ಹಾಕಿದೆ. ಗೋಪಾಲನಾಥರ ವಾದನ ಮುಗಿಯಿತು. ಆಕಾಶವಾಣಿಯವರು ಒಂದು ಮಾತು ಹೇಳಿದರು. ಟಕ್ ಎಂದು ನಾನು ಅಂದು ಗುಂಡಿ ಎತ್ತಿದ ಸದ್ದು ಕೇಳಿಸಿತು. ಏಳಬೇಕೆಂದಿದ್ದೆ. ಅಷ್ಟರಲ್ಲಿ ಮದ್ದಳೆ, ತಾಳ, ಅದರ ಮೇಲೆ ದಬ್ಬಳದಂಥ ಮುಖವೀಣೆ.

ಕ್ಯಾಸೆಟ್ಟಿನ ಆ ಮಗ್ಗುಲಿನಲ್ಲಿ ರೇಡಿಯೋ ಕಾರ್ಯಕ್ರಮಕ್ಕಿಂತ ನಾಲ್ಕು ನಿಮಿಷ ಹೆಚ್ಚು ಸುರುಳಿ ಇದ್ದಿತು. ಆ ನಾಲ್ಕು ನಿಮಿಷ ಉಳಿದಿತ್ತು. ಹಿಂದೆ ಯಾರೋ ಕೆಮ್ಮುತ್ತಾರೆ, ಒಂದು ಮಗು ಅಳುತ್ತದೆ, ಭಾಗವತರು ಪದ ಬಿಡುತ್ತಾರೆ, ದೊಡ್ಡಪ್ಪ ಎತ್ತಿಕೊಳ್ಳುತ್ತಾರೆ. ಒಂದು ಕಡೆ ಉಸಿರು ಕಡಿಯುತ್ತದೆ. ಅವರು ಹೇಳಿದ್ದು ಸರಿ. ಅವೊತ್ತು ಬೆಳಿಗ್ಗೆ ನಾನು ಯಂತ್ರ ಆರಿಸದೆ ಬಿಟ್ಟಿದ್ದರೆ, ಹುಲ್ಲು ಹಾಕಿ ಬಂದವರು ಇದನ್ನು ಕೇಳುತ್ತಿದ್ದರು. ತಮ್ಮ ದನಿ ಪೂರ್ತಿ ಹೋಯಿತೆಂದೇ ತಿಳಿದು ಹೋದರು. ಇದನ್ನು ಯೋಚಿಸಿದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ತರಗತಿಯಲ್ಲಿ ನಾನು ಜಾನಪದ ಪಾಠ ಹೇಳುತ್ತೇನೆ. ಮೂಡಲಪಾಯವನ್ನು ಕುರಿತು ಜೀ.ಶಂ. ಪರಮಶಿವಯ್ಯನವರ ಕೆಲಸವನ್ನು ಹುಡುಗರಿಗೆ ಪರಿಚಯ ಮಾಡಿಕೊಡುತ್ತೇನೆ. ಅಳಿದುಹೋಗುತ್ತಿರುವ ಕಲೆಗಳನ್ನು ಉಳಿಸಬೇಕೆಂದು ಟಿಪ್ಪಣಿ ಬರೆಸುತ್ತೇನೆ. ಅಳಿಸಿದವರಲ್ಲಿ ಮೇಷ್ಟರೂ ಒಬ್ಬರೆಂದು ಮಾತ್ರ ಇದುವರೆಗೆ ಹೇಳಿರಲಿಲ್ಲ.

ನಮ್ಮೂರಿನಲ್ಲಿ ಈಗ ಮುಖವೀಣೆ ಊದುವವರಿಲ್ಲ. ದೊಡ್ಡಪ್ಪನದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇವೆ. ಪೀಪಿಯನ್ನು ಹುಳ ತಿಂದಿದೆ. ಆದರೆ ನಾಲ್ಕಾರು ಮೈಲಿಯಾಚೆಯ ಹಳ್ಳಿಯೊಂದರಲ್ಲಿ ಎಂಬತ್ತರ ಹತ್ತಿರದ ಹಿರಿಯರೊಬ್ಬರಿದ್ದಾರೆಂದು ತಿಳಿದು ಈ ಬೇಸಗೆಯಲ್ಲಿ ಹುಡುಕಿಕೊಂಡು ಹೋದೆ. ದೊಡ್ಡಪ್ಪನ ಹೆಸರು ಹೇಳಿದೊಡನೆ ಅವರು ನನ್ನ ಕೈಹಿಡಿದುಕೊಂಡರು. ಪುಣ್ಯಕ್ಕೆ ಅವರಿಗೆ ಹಲ್ಲುಗಳಿವೆ. ಅರ್ಧ ಗಂಟೆ ಊದಿದರು. ಮೊಬೈಲಿನಲ್ಲಿ ಹಿಡಿದುಕೊಂಡೆ. ಮುಗಿದ ಮೇಲೆ, “ಇದ್ನ ಎಲ್ಲಿಡ್ತೀರ ಮೇಷ್ಟ್ರೇ?” ಎಂದು ಕೇಳಿದರು.

“ಸ್ಯಾಕ್ಸೋಫೋನಿನ ಪಕ್ಕದಲ್ಲಿ, ಯಜಮಾನರೇ” ಎಂದೆ. ಅವರಿಗೆ ತಿಳಿಯಲಿಲ್ಲ, ಆದರೂ ನಕ್ಕರು.

ಮನೆಗೆ ಬಂದು ಮೂರು ಕಡೆ ಪ್ರತಿ ಮಾಡಿಸಿದೆ. ಮೂರಕ್ಕೂ ಊರು, ತಾರೀಖು, ಊದಿದವರ ಹೆಸರು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಹಳೆಯ ಕ್ಯಾಸೆಟ್ಟಿನ ಬೆನ್ನಿನ ಎರಡು ಚಕ್ಕೆಗಳನ್ನೂ ಚಾಕುವಿನಿಂದ ಮುರಿದಿಟ್ಟಿದ್ದೇನೆ.